ಸೇತುವೆಯ ಮೇಲೆ ಜೇಬು ಮುಟ್ಟಿಕೊಂಡವರು

ಫಿಲಿಪ್ಪೀನ್ಸಿನ ಒಲೊಂಗಾಪೋ ಊರಿನ ಪೇಟೆಬೀದಿ ಮುಗಿಯುವಲ್ಲಿ ಒಂದು ಗಿಡ್ಡ ಸೇತುವೆ ಇದೆ. ಕೆಳಗಿರುವುದು ಕಪ್ಪು ನೀರಿನ ಒಂದು ಕಾಲುವೆ. ಈಚೆ ಊರು, ಆಚೆ ಒಂದು ಕಾಲಕ್ಕೆ ಅಮೆರಿಕದ ನೌಕಾನೆಲೆಯಾಗಿದ್ದ ಸುಬಿಕ್. 2019ರ ಫೆಬ್ರವರಿಯ ಒಂದು ಬೆಳಿಗ್ಗೆ ಆ ಸೇತುವೆಯ ಮೇಲೆ ನನ್ನ ಜೊತೆ ನಡೆಯುತ್ತಿದ್ದ ಕುಯಾ ನಡುವೆ ಸ್ವಲ್ಪ ನಿಧಾನವಾದರು. ಅವರ ಬಲಗೈ ತಾನಾಗಿ ಮೇಲೆದ್ದು ಅಂಗಿಯ ಎದೆಯ ಜೇಬನ್ನು ಮುಟ್ಟಿ ಮತ್ತೆ ಕೆಳಗಿಳಿಯಿತು. ಜೇಬಿನಲ್ಲಿ ಏನೂ ಇರಲಿಲ್ಲ. ಎದುರಿಗೆ ಚೀಟಿ ಕೇಳುವ ಕಾವಲುಗಾರನೂ ಇರಲಿಲ್ಲ. ಇಪ್ಪತ್ತಾರು ವರ್ಷಗಳ ಹಿಂದೆ ಕೊನೆಯ ಸಲ ತೋರಿಸಿದ ಗೇಟ್ ಪಾಸನ್ನು ಆ ಕೈ ಇನ್ನೂ ಹುಡುಕುತ್ತಿತ್ತು.

ಕುಯಾ ಎಂದರೆ ತಗಾಲೋಗ್ ಭಾಷೆಯಲ್ಲಿ ಅಣ್ಣ. ನಾನು ಸರಕು ಹಡಗುಗಳ ಎಂಜಿನ್ ವಿಭಾಗದಲ್ಲಿ ಕಿರಿಯ ಅಧಿಕಾರಿಯಾಗಿ ಸೇರಿದ ಹೊಸತರಲ್ಲಿ ಅವರು ನಮ್ಮ ಹಡಗಿನ ಫಿಟ್ಟರ್ ಆಗಿದ್ದರು. ಫಿಲಿಪ್ಪೀನ್ಸಿನವರಿಲ್ಲದ ಹಡಗು ಈ ಲೋಕದಲ್ಲಿ ಅಪರೂಪ. ಅವರಲ್ಲೂ ಕುಯಾ ಬೇರೆಯೇ. ಒಮ್ಮೆ ಸಮುದ್ರದ ನೀರು ಹಾಯುವ ಕೊಳವೆಯೊಂದರಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು, ನೀರು ಎಳೆಯಾಗಿ ಚಿಮ್ಮುತ್ತಿತ್ತು. ನಾನು ತೂತಿನ ಮೇಲೆ ಒಂದು ತೇಪೆ ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ. ಅವರು ಕೊಳವೆಯ ಸುತ್ತ ಸಣ್ಣ ಸುತ್ತಿಗೆಯಿಂದ ಟಕಟಕ ಬಡಿಯುತ್ತಾ, ಕಿವಿಗೊಟ್ಟು ಕೇಳುತ್ತಾ, ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. ತೂತಿನಿಂದ ಒಂದು ಗೇಣು ದೂರದವರೆಗೆ ಕಬ್ಬಿಣ ಒಳಗಿನಿಂದ ಸವೆದುಹೋಗಿತ್ತು. ಅಷ್ಟನ್ನೂ ಕತ್ತರಿಸಿ ಹೊಸ ತುಂಡು ಕೂರಿಸಿ ಬೆಸುಗೆ ಹಾಕಿದರು. ಬೆಸುಗೆಯ ಮೇಲೆ ಕಟ್ಟಿದ ಕಿಟ್ಟ (ಸ್ಲ್ಯಾಗ್) ಕೆರೆದು, ತಣ್ಣಗಾದ ಮೇಲೆ ಅಂಗೈಯಿಂದ ಬೆಸುಗೆಯನ್ನು ನೇವರಿಸಿದರು. "ಎಲ್ಲಿ ಕಲಿತಿರಿ?" ಎಂದು ಕೇಳಿದ್ದಕ್ಕೆ ಒಂದೇ ಮಾತು: "ಸುಬಿಕ್‌ನಲ್ಲಿ, ಸರ್." ಆ ಉತ್ತರ ನನ್ನನ್ನು ಹನ್ನೆರಡು ವರ್ಷಗಳ ನಂತರ ಮನಿಲಾದಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗುವಂತೆ ಮಾಡಿತು.

ಹೋಗಲು ಇನ್ನೊಂದು ಕಾರಣವೂ ಇತ್ತು. ನಾನು ಕಾರವಾರದ ಕಡೆಯವನು. ಅಂಕೋಲೆಯಿಂದ ಕಾರವಾರಕ್ಕೆ ಹೆದ್ದಾರಿಯಲ್ಲಿ ಹೋಗುವಾಗ ಅಮದಳ್ಳಿ, ಚೆಂಡಿಯಾ, ಅರಗಾ ದಾಟುತ್ತಿದ್ದಂತೆ ಪಕ್ಕದಲ್ಲಿ ನೌಕಾನೆಲೆಯ ಉದ್ದನೆಯ ಗೋಡೆ ಜೊತೆಗೆ ಬರುತ್ತದೆ. ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಸೇವೆಗೆ ಸೇರಿತು, ನಡುವೆ ಸಾವಿರಾರು ಕುಟುಂಬಗಳು ಕಡಲ ಬದಿಯಿಂದ ಎದ್ದು ಬೇರೆ ಕಡೆ ಮನೆ ಕಟ್ಟಿಕೊಂಡವು. ನಮ್ಮದು ನಮ್ಮ ದೇಶದ ನೌಕಾಪಡೆ, ಆ ಲೆಕ್ಕ ಬೇರೆ. ಆದರೆ ಊರೊಂದು ನೆಲೆಯಾಗುವುದನ್ನು ಕಂಡು ಬೆಳೆದವನಿಗೆ, ನೆಲೆಯೊಂದು ಮರಳಿ ಊರಾಗುವುದು ಹೇಗಿರುತ್ತದೆ ಎಂಬ ಕುತೂಹಲ ಸಹಜ. ಗೋಡೆ ಬಿದ್ದರೆ ಅದರ ಹಿಂದಿನಿಂದ ಏನು ಹೊರಬರುತ್ತದೆ?

ಸುಬಿಕ್ ಕೊಲ್ಲಿಯನ್ನು ನೋಡಿದ ಯಾವ ನಾವಿಕನಿಗೂ ಅದರ ಬೆಲೆ ಹೇಳಿಕೊಡಬೇಕಾಗಿಲ್ಲ. ಮೂರು ಕಡೆ ಹಸಿರು ಬೆಟ್ಟ, ಆಳವಾದ ನೀರು, ಗಾಳಿ ಮಳೆಗೆ ಮರೆ. ಸ್ಪೇನಿನವರು 1885ರಲ್ಲಿ ಇಲ್ಲಿ ನೌಕಾ ಶಸ್ತ್ರಾಗಾರಕ್ಕೆ ಕೈಹಚ್ಚಿದರು. ಅವರು ಕಟ್ಟಿಸಿದ ಕಲ್ಲಿನ ಬಾಗಿಲು ಇಂದಿಗೂ ನಿಂತಿದೆ. 1898ರ ಯುದ್ಧದಲ್ಲಿ ಸೋತ ಸ್ಪೇನ್ ಎರಡು ಕೋಟಿ ಡಾಲರಿಗೆ ಇಡೀ ಫಿಲಿಪ್ಪೀನ್ಸನ್ನೇ ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಕೊಲ್ಲಿಯೂ ಅದರ ಜೊತೆ ಕೈ ಬದಲಾಯಿಸಿತು. ನಡುವೆ ಮೂರು ವರ್ಷ ಜಪಾನೀಯರದ್ದು. ಮತ್ತೆ ಅಮೆರಿಕನ್ನರು. ದೇಶಕ್ಕೆ 1946ರಲ್ಲಿ ಸ್ವಾತಂತ್ರ್ಯ ಬಂದರೂ 1947ರ ಒಪ್ಪಂದ ನೆಲೆಗಳನ್ನು 99 ವರ್ಷಗಳಿಗೆ ಅವರ ಕೈಯಲ್ಲೇ ಉಳಿಸಿತು. ಒಲೊಂಗಾಪೋ ಊರಿನ ಆಡಳಿತ ಕೂಡ 1959ರವರೆಗೆ ಅಮೆರಿಕದ ನೌಕಾಪಡೆಯದ್ದೇ. ಸ್ವತಂತ್ರ ದೇಶದೊಳಗೆ ಒಂದು ಊರು ಹದಿಮೂರು ವರ್ಷ ಹೊರಗಿನವರ ಅಪ್ಪಣೆಯಲ್ಲಿ ಬದುಕಿತು ಎಂಬುದು ನನ್ನ ಮನಸ್ಸಿನಿಂದ ಹೋಗಿಯೇ ಇಲ್ಲ. ಕುಯಾ ಅವರ ತಂದೆ ತಾಯಿ ಮದುವೆಯಾದದ್ದು ಆ ಕಾಲದಲ್ಲಿ.

ವಿಯೆಟ್ನಾಂ ಯುದ್ಧದ ವರ್ಷಗಳಲ್ಲಿ ಅಮೆರಿಕದ ಏಳನೇ ನೌಕಾದಳದ ಹಡಗುಗಳು ರಿಪೇರಿಗೆ, ಮದ್ದುಗುಂಡಿಗೆ, ವಿಶ್ರಾಂತಿಗೆ ಬರುತ್ತಿದ್ದದ್ದು ಇಲ್ಲಿಗೇ. ಅವುಗಳ ಜೊತೆ ಬರುತ್ತಿದ್ದ ಹುಡುಗರು ಇದೇ ಸೇತುವೆ ದಾಟಿ ಮಗ್ಸಾಯ್‌ಸಾಯ್ ಬೀದಿಯ ಬಾರುಗಳಿಗೆ ಹೋಗುತ್ತಿದ್ದರು. ಕೆಳಗಿನ ಕಾಲುವೆಗೆ ಅವರು ಇಟ್ಟಿದ್ದ ಹೆಸರಿನ ಅರ್ಥ ಹೊಲಸಿನ ಹೊಳೆ; ಮೂಲ ಶಬ್ದವನ್ನು ನಾನು ಬರೆಯಲಾರೆ. ಸೇತುವೆಯ ಮೇಲಿನಿಂದ ಅವರು ನಾಣ್ಯ ಎಸೆಯುತ್ತಿದ್ದರು, ದೋಣಿಗಳಲ್ಲಿ ಕಾದಿದ್ದ ಮಕ್ಕಳು ಆ ನೀರಿಗೆ ಧುಮುಕಿ ಹೆಕ್ಕುತ್ತಿದ್ದರು. ಕುಯಾ ಇದನ್ನು ಹೇಳುವಾಗ ಕಂಬಿಗೆ ಕೈಕೊಟ್ಟು ನೀರನ್ನೇ ನೋಡುತ್ತಿದ್ದರು. ಅವರು ಧುಮುಕಿದ್ದರೇ ಎಂದು ನಾನು ಕೇಳಲಿಲ್ಲ.

ಆ ಬೀದಿಯಲ್ಲಿ ದುಡಿದ ಹೆಂಗಸರ ಬಗ್ಗೆ, ಅವರಿಗೆ ಹುಟ್ಟಿದ ಮಕ್ಕಳ ಬಗ್ಗೆ ಯಾವ ಒಪ್ಪಂದದಲ್ಲೂ ಒಂದು ಸಾಲಿಲ್ಲ. ಅಮೆರಿಕದ ಸೈನಿಕರಿಗೆ ಏಷ್ಯಾದಲ್ಲಿ ಹುಟ್ಟಿದ ಮಕ್ಕಳು ಅಮೆರಿಕಕ್ಕೆ ಬಂದು ನೆಲೆಸಬಹುದು ಎಂದು ಅಲ್ಲಿನ ಸಂಸತ್ತು 1982ರಲ್ಲಿ ಕಾನೂನು ಮಾಡಿತು. ಅದರಲ್ಲಿ ಕೊರಿಯಾ, ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ, ಥಾಯ್ಲೆಂಡ್ ಇದ್ದವು. ಎಲ್ಲಕ್ಕಿಂತ ಹೆಚ್ಚು ಕಾಲ ಅವರ ನೆಲೆಗಳನ್ನು ಹೊತ್ತ ಫಿಲಿಪ್ಪೀನ್ಸ್ ಇರಲಿಲ್ಲ. ಇದು ಅನ್ಯಾಯ. ಬೇರೆ ಮೃದುವಾದ ಮಾತು ನನಗೆ ತೋಚುವುದಿಲ್ಲ.

ಇನ್ನು ನೆಲೆ ಹೋದ ಕಥೆ. 1966ರ ತಿದ್ದುಪಡಿಯಂತೆ ಒಪ್ಪಂದದ ಅವಧಿ 1991ಕ್ಕೆ ಮುಗಿಯಬೇಕಿತ್ತು. ಆ ವರ್ಷದ ಜೂನ್ 15, ಶನಿವಾರ, ಬೆಟ್ಟಗಳಾಚೆಯ ಪಿನಾಟುಬೋ ಜ್ವಾಲಾಮುಖಿ ಸಿಡಿಯಿತು. ಅದೇ ದಿನ ಯೂನ್ಯಾ ಎಂಬ ಚಂಡಮಾರುತವೂ ಅಪ್ಪಳಿಸಿತು. ಬಿದ್ದ ಬೂದಿ ಮಳೆಯಲ್ಲಿ ನೆನೆದು ಸೀಸದಷ್ಟು ಭಾರವಾಯಿತು. ಕುಯಾ ಹೇಳಿದ್ದು: "ಮಧ್ಯಾಹ್ನ ರಾತ್ರಿಯಾಯಿತು. ಕತ್ತಲಲ್ಲಿ ಮರದ ಕೊಂಬೆಗಳು ಮುರಿಯುವುದು ಒಂದರ ಹಿಂದೆ ಒಂದು ಕೇಳುತ್ತಿತ್ತು. ಆಮೇಲೆ ಮನೆಗಳ ಮಾಡುಗಳು." ಅವರು ಮತ್ತು ತಮ್ಮಂದಿರು ರಾತ್ರಿಯಿಡೀ ಮಾಡಿನ ಮೇಲೆ ಹತ್ತಿ ಸಲಿಕೆಯಿಂದ ಬೂದಿ ತಳ್ಳಿದರಂತೆ, ತಳ್ಳಿದಷ್ಟೂ ಬೀಳುತ್ತಿತ್ತು. ಹತ್ತಿರದ ಕ್ಲಾರ್ಕ್ ವಾಯುನೆಲೆಯನ್ನು ಅಮೆರಿಕನ್ನರು ಬಿಟ್ಟೇ ಹೋದರು. ಸುಬಿಕ್ ಮಾತ್ರ ಇನ್ನೂ ಹತ್ತು ವರ್ಷ ಬೇಕು ಎಂದರು.

1991ರ ಸೆಪ್ಟೆಂಬರ್ 16ರಂದು ಫಿಲಿಪ್ಪೀನ್ಸಿನ ಸೆನೆಟ್ ಹೊಸ ಒಪ್ಪಂದವನ್ನು 12–11 ಮತಗಳಿಂದ ತಿರಸ್ಕರಿಸಿತು. ಅಧ್ಯಕ್ಷೆ ಕೊರಜೋನ್ ಅಕಿನೋ ಒಪ್ಪಂದ ಬೇಕೆಂದು ತಾವೇ ಬೀದಿಗಿಳಿದಿದ್ದರೂ ಸೆನೆಟ್ ಬಗ್ಗಲಿಲ್ಲ. ನಾನು ಆ ಹನ್ನೆರಡು ಮಂದಿಯ ಪರ. ನಾಲ್ಕು ಶತಮಾನ ಪರರ ಧ್ವಜದ ಕೆಳಗಿದ್ದ ದೇಶ ಒಂದು ದಿನ ಸಾಕು ಎನ್ನಲೇಬೇಕಿತ್ತು. ಈ ಮಾತನ್ನು ಕುಯಾ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದೆ. ಅವರು ತಟ್ಟೆಯ ಅನ್ನವನ್ನು ಚಮಚದಿಂದ ಒತ್ತುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವರು ಸರಿಯಾದದ್ದನ್ನೇ ಮಾಡಿದರು, ಸರ್. ಆದರೆ ಸಂಬಳದ ದಿನ ಹತ್ತಿರವಿತ್ತು. ಮಗಳಿಗೆ ಎರಡು ವರ್ಷ" ಎಂದರು. ಆ ಹೊತ್ತಿನಲ್ಲಿ ನನ್ನ ಬಳಿ ಆಡಲು ಮಾತಿರಲಿಲ್ಲ. ನೆಲೆಯಲ್ಲಿ ದುಡಿಯುತ್ತಿದ್ದವರು ಹತ್ತಾರು ಸಾವಿರ ಮಂದಿ, ಊರಿನ ಪ್ರತಿಯೊಂದು ಒಲೆಗೂ ಆ ಗೇಟಿನೊಳಗಿನಿಂದಲೇ ಬೆಂಕಿ ಬರುತ್ತಿತ್ತು.

1992ರ ನವೆಂಬರ್ 24ರಂದು ಅಮೆರಿಕದ ಬಾವುಟ ಇಳಿಯಿತು. ಕೊನೆಯ ಸೈನಿಕರನ್ನು ಹೊತ್ತ 'ಬೆಲೋ ವುಡ್' ಹಡಗು ಕೊಲ್ಲಿ ದಾಟಿತು. ಅದಕ್ಕೂ ಮೊದಲೇ ರಿಪೇರಿ ಅಂಗಳದ, ಹಡಗನ್ನು ನೀರಿನಿಂದ ಎತ್ತಿ ಹಿಡಿಯುವ ತೇಲುವ ಡ್ರೈಡಾಕ್‌ಗಳನ್ನು ಎಳೆದುಕೊಂಡು ಹೋಗಿದ್ದರು. ನೆಲೆಯ ವಿಮಾನ ನಿಲ್ದಾಣವಾದ ಕ್ಯೂಬಿ ಪಾಯಿಂಟ್‌ನ ಅಧಿಕಾರಿಗಳ ಕ್ಲಬ್ಬಿನ ಗೋಡೆಗೆ ವಿಮಾನ ದಳದವರು ಹೊಡೆದಿದ್ದ ಮರದ ಫಲಕಗಳನ್ನೂ ಬಿಚ್ಚಿ ಫ್ಲೋರಿಡಾದ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಬಿಟ್ಟುಹೋದದ್ದು ಸಮುದ್ರ ತುಂಬಿಸಿ ಕಟ್ಟಿದ ವಿಮಾನಮಾರ್ಗ, ಧಕ್ಕೆಗಳು, ಗೋದಾಮುಗಳು, ವಿದ್ಯುತ್ ಸ್ಥಾವರ, ಸಾವಿರಾರು ಮನೆಗಳು. ಮಣ್ಣಿನೊಳಗೆ, ನೀರಿನೊಳಗೆ ಬಿಟ್ಟುಹೋದ ಎಣ್ಣೆ, ರಾಸಾಯನಿಕ, ಕಲ್ನಾರು ಕೂಡ. ಅದನ್ನು ತೊಳೆದುಕೊಡುವ ಹೊಣೆಯನ್ನು ಒಪ್ಪಂದ ಅವರ ಮೇಲೆ ಹಾಕಿರಲಿಲ್ಲ.

ಮುಂದೆ ನಡೆದದ್ದೇ ಈ ಕಥೆಯಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ. ಕ್ಲಾರ್ಕ್‌ನಲ್ಲಿ ಅಮೆರಿಕನ್ನರು ಹೋದ ಕೂಡಲೇ ಬಾಗಿಲು, ಕಿಟಕಿ, ತಂತಿ, ಸಂಡಾಸಿನ ಬೇಸಿನ್ನಿನವರೆಗೆ ಲೂಟಿಯಾಗಿತ್ತು. ಸುಬಿಕ್‌ನಲ್ಲಿ ಹಾಗಾಗಲಿಲ್ಲ. ಒಲೊಂಗಾಪೋದ ಆಗಿನ ಮೇಯರ್ ರಿಚರ್ಡ್ ಗಾರ್ಡನ್ ಕರೆ ಕೊಟ್ಟರು. ನೆಲೆಯನ್ನು ಮುಕ್ತ ಬಂದರು ವಲಯವಾಗಿಸುವ ಕಾನೂನು ಅದೇ ವರ್ಷ ಮಾರ್ಚ್‌ನಲ್ಲಿ ಆಗಿತ್ತು, ಅದರ ಪ್ರಾಧಿಕಾರಕ್ಕೆ ಅವರೇ ಮೊದಲ ಅಧ್ಯಕ್ಷರು. ಸಂಬಳ ಕೊಡಲು ಹಣವಿರಲಿಲ್ಲ. ಆದರೂ ಸುಮಾರು 8,000 ಮಂದಿ ಸ್ವಯಂಸೇವಕರಾಗಿ ಬಂದರು. ನಿನ್ನೆಯವರೆಗೆ ಅಲ್ಲಿ ಕೂಲಿ ಮಾಡಿ ಇಂದು ನಿರುದ್ಯೋಗಿಗಳಾದವರೇ ಹಲವರು. ಹುಲ್ಲು ಕೊಯ್ದರು, ಬೂದಿ ಗುಡಿಸಿದರು, ರಾತ್ರಿ ಪಾಳಿಯಲ್ಲಿ ಕಾವಲು ಕೂತರು.

ಕುಯಾ ಮೆಷಿನ್ ಶಾಪಿನ ಕಾವಲಿಗಿದ್ದರು. ಹದಿನೆಂಟು ಹತ್ತೊಂಬತ್ತರ ಹರೆಯದಲ್ಲಿ ತಾವು ತರಬೇತಿ ಪಡೆದ ಅದೇ ಶೆಡ್ಡು. ಒಂದು ಟಾರ್ಚು, ಒಂದು ಬಿದಿರಿನ ಕೋಲು. ತಾಮ್ರದ ಕೇಬಲ್ಲಿಗೆ ಒಳ್ಳೆಯ ಬೆಲೆಯಿದ್ದ ಕಾಲ, ಮನೆಯಲ್ಲಿ ಅಕ್ಕಿ ತಳ ಕಂಡಿದ್ದ ಕಾಲ. "ಕದಿಯಬೇಕೆಂದು ಅನಿಸಲಿಲ್ಲವೇ?" ಎಂದೆ. "ಯಾರಿಂದ ಕದಿಯುವುದು? ಅಷ್ಟರಲ್ಲಿ ಅದು ನಮ್ಮದಾಗಿತ್ತಲ್ಲ" ಎಂದರು. ಲೇತ್ ಯಂತ್ರಗಳ ಹಾಸಿಗೆ ಸಮುದ್ರದ ಗಾಳಿಗೆ ತುಕ್ಕು ಹಿಡಿಯಬಾರದೆಂದು ಪಾಳಿಯ ಬಿಡುವಿನಲ್ಲಿ ಉಳಿದ ಗ್ರೀಸನ್ನು ಬಟ್ಟೆಯಲ್ಲಿ ಅದ್ದಿ ಒರೆಸುತ್ತಿದ್ದರಂತೆ. ಯಾರೂ ಹೇಳಿರಲಿಲ್ಲ. ಆ ಯಂತ್ರಗಳಲ್ಲಿ ಮತ್ತೆ ತಮ್ಮ ಕೈ ಆಡುತ್ತದೆ ಎಂಬ ನಂಬಿಕೆಯಿತ್ತು.

ಆಡಲಿಲ್ಲ. ಆ ಸ್ವಯಂಸೇವಕರಲ್ಲಿ ಕೆಲವರಿಗೆ ಮುಂದೆ ವಲಯದೊಳಗೆ ಕೆಲಸ ಸಿಕ್ಕಿತು, ಎಲ್ಲರಿಗೂ ಸಿಗಲಿಲ್ಲ. ಕುಯಾ ಐದು ತಿಂಗಳು ಕಾದು, ಸಾಲ ಮಾಡಿ ಮನಿಲಾಕ್ಕೆ ಹೋಗಿ, ಏಜೆಂಟರ ಬಾಗಿಲಲ್ಲಿ ಸಾಲು ನಿಂತು ಹಡಗು ಹತ್ತಿದರು. ಜೊತೆಯವರು ಕೆಲವರು ಸಿಂಗಾಪುರಕ್ಕೆ, ಕೆಲವರು ಕೊಲ್ಲಿ ದೇಶಗಳಿಗೆ. ನೆಲೆಯನ್ನು ವಾಣಿಜ್ಯ ವಲಯವಾಗಿಸಿದಾಗ ದಾಖಲೆಯಲ್ಲಿ ಎಲ್ಲವನ್ನೂ ಎಣಿಸಿದರು. ಧಕ್ಕೆ ಎಷ್ಟು ಮೀಟರ್, ಗೋದಾಮು ಎಷ್ಟು ಚದರಡಿ, ವಿಮಾನಮಾರ್ಗ ಎಷ್ಟು ಉದ್ದ. ಮೂರು ತಲೆಮಾರು ಹಡಗು ರಿಪೇರಿ ಮಾಡಿ ಹದಗೊಂಡಿದ್ದ ಕೈಗಳಿಗೆ ಆ ಪಟ್ಟಿಯಲ್ಲಿ ಒಂದು ಅಂಕಣವಿರಲಿಲ್ಲ. ಸುಬಿಕ್‌ನ ನಿಜವಾದ ಆಸ್ತಿ ಅದೇ ಆಗಿತ್ತು ಎಂದು ನಾನು ಬಲವಾಗಿ ನಂಬುತ್ತೇನೆ. ಅದು ಹಿಡಿಯುವವರಿಲ್ಲದೆ ಜಗತ್ತಿನ ಹಡಗುಗಳಿಗೆಲ್ಲ ಹಂಚಿಹೋಯಿತು, ನಮ್ಮ ಹಡಗಿನ ತೂತುಬಿದ್ದ ಕೊಳವೆಯವರೆಗೆ.

ವಲಯ ಏಳಿಗೆ ಕಾಣಲಿಲ್ಲ ಎಂದಲ್ಲ. ಸುಂಕರಹಿತ ಅಂಗಡಿಗಳು ಬಂದವು, ತೈವಾನಿನವರ ಕೈಗಾರಿಕಾ ಪಾರ್ಕು ಬಂತು. 1995ರಲ್ಲಿ ಕೊರಿಯರ್ ಕಂಪನಿ ಫೆಡೆಕ್ಸ್ ತನ್ನ ಏಷ್ಯಾದ ಸರಕು ಕೇಂದ್ರವನ್ನು ಕ್ಯೂಬಿಯ ವಿಮಾನಮಾರ್ಗದಲ್ಲಿ ತೆರೆಯಿತು. ಮರುವರ್ಷ ಏಷ್ಯಾ-ಪೆಸಿಫಿಕ್ ದೇಶಗಳ ಏಪೆಕ್ ಶೃಂಗಸಭೆಗೆ ಹದಿನೆಂಟು ನಾಯಕರು ಬಂದಿಳಿದರು. ಆದರೆ 2009ರಲ್ಲಿ ಫೆಡೆಕ್ಸ್ ಚೀನಾದ ಗುವಾಂಗ್‌ಝೌಗೆ ಹೊರಟುಹೋಯಿತು.

ಆಮೇಲೆ ಹಂಜಿನ್. ಕೊಲ್ಲಿಯ ಆಚೆ ದಡದ ರೆಡೊಂಡೋ ಪರ್ಯಾಯದ್ವೀಪದಲ್ಲಿ ಕೊರಿಯಾದ ಈ ಕಂಪನಿ 2006ರಲ್ಲಿ ಹಡಗುಕಟ್ಟೆಯ ಕೆಲಸ ಆರಂಭಿಸಿತು, 2008ರಲ್ಲಿ ಮೊದಲ ಹಡಗು ಹೊರಬಂತು. ಉಚ್ಛ್ರಾಯದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಕೆಲಸ. ಅಪಘಾತಗಳಲ್ಲಿ ಕಾರ್ಮಿಕರು ಸತ್ತದ್ದೂ ಉಂಟು, ಅದರ ಬಗ್ಗೆ 2009ರಲ್ಲಿ ಸೆನೆಟ್ ವಿಚಾರಣೆಯೂ ನಡೆಯಿತು. ನಾನು ಹೋಗುವ ಒಂದು ತಿಂಗಳ ಹಿಂದಷ್ಟೇ, 2019ರ ಜನವರಿಯಲ್ಲಿ, ಆ ಸಂಸ್ಥೆ ಸಾಲ ತೀರಿಸಲಾರೆನೆಂದು ಒಲೊಂಗಾಪೋದ ನ್ಯಾಯಾಲಯಕ್ಕೆ ಹೋಗಿತ್ತು. ಫಿಲಿಪ್ಪೀನ್ಸಿನ ಬ್ಯಾಂಕುಗಳಿಗೆ ಮಾತ್ರವೇ ನಲವತ್ತು ಕೋಟಿ ಡಾಲರಿಗೂ ಹೆಚ್ಚು ಬಾಕಿ. ಸಂಜೆ ನಾವು ದಡದ ರಸ್ತೆಯಲ್ಲಿ ನಿಂತು ನೋಡಿದಾಗ ಆಚೆ ದಡದ ದೈತ್ಯ ಕ್ರೇನುಗಳು ಬಿಸಿಲಿಗೆ ಕೆಂಪಾಗಿ ನಿಂತಿದ್ದವು. ಒಂದೂ ಅಲುಗುತ್ತಿರಲಿಲ್ಲ. ಕುಯಾ ಅವರ ತಂಗಿಯ ಮಗ ಅಲ್ಲಿ ಬೆಸುಗೆಗಾರನಾಗಿದ್ದ. ಆ ವಾರ ಅವನು ಅಲ್ಲಿನ ಬಾಡಿಗೆ ಜನಸಾರಿಗೆಯಾದ ಜೀಪ್ನಿ ಓಡಿಸಲು ಕಲಿಯುತ್ತಿದ್ದ.

ನೌಕಾಪಡೆ, ಫೆಡೆಕ್ಸ್, ಹಂಜಿನ್. ಬಂದವರು ಬೇರೆ ಬೇರೆ, ಹೋದ ರೀತಿ ಒಂದೇ. ಊರು ಮಾತ್ರ ಪ್ರತಿ ಸಲವೂ ಸೇತುವೆಯ ಈಚೆ ನಿಂತು ಮುಂದಿನ ಹಡಗು ಯಾರದ್ದೆಂದು ನೋಡಬೇಕು. ಆ ಸೇತುವೆ ಈಗಲೂ ಬರಿಯ ಸೇತುವೆಯಲ್ಲ. ಈಚೆ ಗಿಜಿಗುಡುವ ಪೇಟೆ, ದಾರಿಗೊಂದು ಬಣ್ಣದ ಜೀಪ್ನಿಗಳು, ತಲೆಯ ಮೇಲೆ ಕೂದಲು ಜಡೆಗಟ್ಟಿದಂತೆ ವಿದ್ಯುತ್ ತಂತಿ. ಆಚೆ ಅಗಲ ರಸ್ತೆ, ನೆರಳಿನ ಮರಗಳು, ದೊಡ್ಡ ಮಾಲ್. ಪ್ರತಿ ಕೂಡುರಸ್ತೆಯಲ್ಲೂ ಪೂರ್ತಿ ನಿಂತು ಮುಂದೆ ಸಾಗುವ ಕಾರುಗಳು. ಒಂದೇ ದೇಶ, ಒಂದೇ ಜನ, ನಡುವೆ ಇಪ್ಪತ್ತು ಹೆಜ್ಜೆಯ ಕಾಲುವೆ. ಸುಂಕದ ವ್ಯವಸ್ಥೆ ಬೇರೆಯಾದ್ದರಿಂದ ಬೇಲಿಯೂ ಗೇಟುಗಳೂ ಬೇಕೇ ಬೇಕು. ಸೈನಿಕರ ಬೇಲಿ ವ್ಯಾಪಾರಿಗಳಿಗೂ ಹಾಗೆಯೇ ಒದಗಿತು.

ಬೇಲಿಯಿಂದ ಒಳಿತಾದದ್ದು ಕಾಡಿಗೆ. ನೆಲೆಯ ಗಡಿಯ ಹೊರಗಿನ ಸಂಬಾಲೆಸ್ ಬೆಟ್ಟಗಳು ಎಷ್ಟೋ ಕಡೆ ಬೋಳಾಗಿವೆ. ಒಳಗೆ ಮದ್ದುಗುಂಡಿನ ನೆಲಮಾಳಿಗೆಗಳಿದ್ದ ಕಾರಣ ಮರ ಕಡಿಯುವವರು ಕಾಲಿಡಲಿಲ್ಲ. ಹಾಗಾಗಿ ದಟ್ಟ ಮಳೆಕಾಡು ಉಳಿದಿದೆ. ಹಗಲಿನಲ್ಲಿ ಮರಗಳ ತುಂಬ ದೊಡ್ಡ ಬಾವಲಿಗಳು ಒಣಗಿದ ಹಣ್ಣುಗಳಂತೆ ಜೋತಾಡುತ್ತವೆ. ಈ ಕಾಡಿನ ಮೂಲನಿವಾಸಿಗಳು ಐಟಾ ಜನ. ವಿಯೆಟ್ನಾಮಿಗೆ ಹೊರಟ ಅಮೆರಿಕದ ಸೈನಿಕರಿಗೆ ಕಾಡಿನಲ್ಲಿ ಬದುಕುಳಿಯುವುದನ್ನು ಕಲಿಸಿದವರು ಇವರೇ.

ಪಮುಲಕ್ಲಾಕಿನ್ ಎಂಬಲ್ಲಿ ಐಟಾ ಹಿರಿಯರೊಬ್ಬರು ನಮಗೆ ಬಿದಿರಿನ ಕೆಲಸ ತೋರಿಸಿದರು. ಒಣಗಿದ ಬಿದಿರನ್ನು ಉದ್ದಕ್ಕೆ ಸೀಳಿ, ಒಂದು ಸೀಳಿನ ಬೆನ್ನಿಗೆ ಕತ್ತಿಯಿಂದ ಸಣ್ಣ ಕಚ್ಚು ಹಾಕಿದರು. ಹೆರೆದು ತೆಗೆದ ಹತ್ತಿಯಂಥ ಪುಡಿಯನ್ನು ಅದರ ಕೆಳಗೆ ಒತ್ತಿಟ್ಟರು. ಇನ್ನೊಂದು ಸೀಳಿನ ಅಂಚನ್ನು ಹೊಟ್ಟೆಗೂ ನೆಲಕ್ಕೂ ಆನಿಸಿ ಹಿಡಿದು, ಕಚ್ಚು ಹಾಕಿದ ಸೀಳನ್ನು ಅದರ ಮೇಲೆ ಗರಗಸದಂತೆ ಉಜ್ಜಿದರು. ಮೊದಲು ಸುಟ್ಟ ವಾಸನೆ, ಆಮೇಲೆ ಹೊಗೆ, ಬಾಗಿ ಊದಿದಾಗ ಕೆಂಡ. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಕುಯಾ ಕುಕ್ಕರುಗಾಲಲ್ಲಿ ಕೂತು, ಕಚ್ಚಿನ ಆಳವನ್ನು ಉಗುರಿನಿಂದ ಅಳೆದು ನೋಡಿದರು. ಇಬ್ಬರೂ ತಗಾಲೋಗ್‌ನಲ್ಲಿ ಏನೋ ಮಾತಾಡಿಕೊಂಡರು, ಬಹಳ ಹೊತ್ತು, ಕಚ್ಚಿನ ಬಗ್ಗೆಯೇ ಎಂದು ಕಾಣುತ್ತದೆ. ಕೊಲ್ಲಿಯ ಒಡೆತನ ಎಷ್ಟು ಸಲ ಬದಲಾದರೂ ಈ ಕೆಲಸ ಇವರ ಕೈಬಿಟ್ಟಿರಲಿಲ್ಲ. ಪಾಸ್ತೋಲನ್‌ನಲ್ಲಿ ಅವರ ಹಾಡಿ ಇದೆ. ಮುಕ್ತ ವಲಯದ ನಕ್ಷೆಯೊಳಗೆ, ಯಾವ ನಕ್ಷೆಗೂ ಮೊದಲಿನಿಂದ.

ನಾನು ಮರಳಿದ ಮೇಲೂ ಕುಯಾ ಸುದ್ದಿ ಕಳಿಸುತ್ತಿದ್ದರು. 2022ರಲ್ಲಿ ಹಂಜಿನ್ ಅಂಗಳವನ್ನು ಅಮೆರಿಕದ ಹೂಡಿಕೆ ಸಂಸ್ಥೆಯೊಂದು ಕೊಂಡಿತು. ಅದರ ಒಂದು ಭಾಗಕ್ಕೆ ಫಿಲಿಪ್ಪೀನ್ಸಿನ ನೌಕಾಪಡೆ ಬಂತು. ಚೀನಾದೊಡನೆ ಜಗಳವಿರುವ ಸ್ಕಾರ್‌ಬರೋ ದಿಬ್ಬ ಇಲ್ಲಿಂದ ನೇರ ಪಶ್ಚಿಮಕ್ಕೆ. ಹಾಗಾಗಿ ಅಮೆರಿಕದ ಯುದ್ಧನೌಕೆಗಳೂ ಭೇಟಿಗೆ ಬಂದು ಹೋಗುತ್ತಿವೆ. ನೆಲೆ ಮರಳುತ್ತದೆಯೇ ಎಂಬ ಚರ್ಚೆ ಅಲ್ಲಿ ಮತ್ತೆ ಶುರುವಾಗಿದೆ. ನನಗೆ ಆತಂಕವಿದೆ. ಕೊಲ್ಲಿಯ ಮೇಲೆ ಕಣ್ಣಿಟ್ಟವರಿಗೆ ಊರು ಕಾಣುವುದಿಲ್ಲ ಎಂಬುದನ್ನು ಆ ಕಾಲುವೆಯ ಬಳಿ ನಿಂತು ಕೇಳಿ ಬಂದವನು ನಾನು. ಅದೇ ಅಂಗಳದ ಇನ್ನೊಂದು ಭಾಗದಲ್ಲಿ ಹ್ಯುಂಡೈ ಕಂಪನಿ 2025ರಲ್ಲಿ ಮತ್ತೆ ಹಡಗಿಗಾಗಿ ಉಕ್ಕು ಕತ್ತರಿಸಲು ತೊಡಗಿತು.

ಕಳೆದ ಸಲ ಕುಯಾ ಮೊಬೈಲಿನಲ್ಲಿ ಒಂದು ಚಿತ್ರ ಕಳಿಸಿದರು. ಉಕ್ಕಿನ ಎರಡು ತಗಡುಗಳು, ನಡುವೆ ಒಂದು ಗೇಣುದ್ದದ ಬೆಸುಗೆ. ತಂಗಿಯ ಮಗ ಜೀಪ್ನಿ ಬಿಟ್ಟು ಮತ್ತೆ ಕೈ ಪಳಗಿಸಿಕೊಳ್ಳುತ್ತಿದ್ದಾನೆ, ಹಡಗುಕಟ್ಟೆಯ ಪರೀಕ್ಷೆಗೆ ಕೂರುತ್ತಾನೆ, ಕುಯಾ ಮನೆಯ ಹಿತ್ತಲಲ್ಲಿ ಹೇಳಿಕೊಡುತ್ತಿದ್ದಾರೆ. "ಹೇಗಿದೆ, ಸರ್?" ಎಂದು ಕೇಳಿದ್ದರು. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಬೆಸುಗೆಯ ಸಾಲು (ಬೀಡ್) ಒಂದೇ ಸಮ ಹೋಗಿತ್ತು. ಎಡತುದಿಯಲ್ಲಿ ಮಾತ್ರ ಬೆಸುಗೆಯ ಅಂಚಿನ ಉಕ್ಕು ತುಸು ಕರಗಿ, ಕೂದಲೆಳೆಯಷ್ಟು ಅಂಡರ್‌ಕಟ್ ಇದ್ದಂತೆ ಕಂಡಿತು. ಹಾಗೆಂದು ಬರೆದೆ.

"ಹೌದು. ಕೈ ತುದಿಯಲ್ಲಿ ಅವಸರ ಮಾಡಿತು. ನಾಳೆ ಕತ್ತರಿಸಿ ಮತ್ತೆ ಹಾಕಿಸುತ್ತೇನೆ" ಎಂದು ಉತ್ತರ ಬಂತು.